ಎಡಮುರಿ ಡಿಎನ್‌ಎ

ಶಂಖಗಳಲ್ಲಿ ಬಲಮುರಿ ಅಪರೂಪ. ಅದಕ್ಕೇ ಅದಕ್ಕೆ ಪೂಜೆ, ಅದಕ್ಕೇ ಬೆಲೆ. ಡಿಎನ್‌ಎ ಲೋಕದಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಬಲಮುರಿಯೇ ಸಾಮಾನ್ಯ, ಅಪರೂಪದ್ದು ಎಡಮುರಿ.

1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಕಟ್ಟಿದ ಜೋಡಿ ಸುರುಳಿಯ ಮಾದರಿ ಎಲ್ಲರಿಗೂ ಗೊತ್ತು. ತಿರುಪುಮೊಳೆಯ ಹಾಗೆ ಬಲಕ್ಕೆ ಸುತ್ತಿದ ಎರಡೆಳೆಯ ಹುರಿ ಅದು. ಆದರೆ ಅದಕ್ಕೆ ಆಧಾರವಾಗಿದ್ದುದು ಡಿಎನ್‌ಎ ನಾರಿನ ಎಕ್ಸ್-ರೇ ಚಿತ್ರ. ಅದರಲ್ಲಿ ಒಂದೊಂದು ಪರಮಾಣುವನ್ನೂ ಗುರುತಿಸಲಾಗದು. ಅದಕ್ಕೆ ಹರಳೇ ಬೇಕು. ಹರಳಿನಲ್ಲಿ ಅಣುಗಳು ಡ್ರಿಲ್‌ಗೆ ನಿಂತ ಮಕ್ಕಳಂತೆ ಸಾಲಾಗಿ ನಿಂತಿರುತ್ತವೆ. ಎಕ್ಸ್-ಕಿರಣ ಅವುಗಳಿಗೆ ತಾಗಿ ಚದುರಿದಾಗ ಚುಕ್ಕಿ ರಂಗೋಲಿಯಂಥ ಚಿತ್ರ ಮೂಡುತ್ತದೆ. ಚುಕ್ಕಿಗಳ ಜಾಗ ಮತ್ತು ಗಾಢತೆಯನ್ನು ಅಳೆದು, ದೀರ್ಘ ಲೆಕ್ಕಾಚಾರದ ನಂತರ ಪರಮಾಣುಗಳ ನೆಲೆ ಹಿಡಿಯಬಹುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಎ. ವಿಶ್ವಾಮಿತ್ರ ಅವರು ಕೇಂಬ್ರಿಜ್‌ನ ಓಲ್ಗಾ ಕೆನಾರ್ಡ್ ಮುಂತಾದವರೊಡನೆ 1978ರಲ್ಲಿ ನಾಲ್ಕಕ್ಷರದ ಡಿಎನ್‌ಎ ತುಣುಕೊಂದನ್ನು ಹೀಗೆ ಬಿಡಿಸಿ ತೋರಿಸಿದರು. ಅದು ಬಲಮುರಿಯೇ. ಆದರೆ ಅಣುರಚನೆಯ ನಿಯಮಗಳ ಪ್ರಕಾರ ಸುರುಳಿ ಎಡಕ್ಕೂ ಸುತ್ತಬಹುದೆಂದು ಅದೇ ಸಂಸ್ಥೆಯ ವಿ. ಶಶಿಶೇಖರನ್ ಮತ್ತು ಸಂಗಡಿಗರು ಆ ವರ್ಷಗಳಲ್ಲೇ ವಾದಿಸುತ್ತಿದ್ದರು.

1979ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಅಲೆಕ್ಸಾಂಡರ್ ರಿಚ್, ಆಂಡ್ರ್ಯೂ ವಾಂಗ್ ಮುಂತಾದವರು ಸಿ ಮತ್ತು ಜಿ ಅಕ್ಷರಗಳು ಒಂದು ಬಿಟ್ಟು ಒಂದು ಬರುವ ಆರಕ್ಷರದ ತುಣುಕಿನ ಹರಳನ್ನು ಪರೀಕ್ಷಿಸಿದರು. ಬಲಮುರಿಯನ್ನು ನಿರೀಕ್ಷಿಸಿದವರಿಗೆ ಕಂಡದ್ದು ಎಡಮುರಿ! ಸುತ್ತಿಗೆ 12 ಜೋಡಿ ಅಕ್ಷರ. ಬೆನ್ನೆಲುಬು ಅಂಕುಡೊಂಕು. ಅದಕ್ಕೇ ‘ಜೆಡ್-ಡಿಎನ್‌ಎ’ ಎಂಬ ಹೆಸರು.

ಆದರೆ ಸಂಶಯ ಬೆನ್ನು ಬಿಡಲಿಲ್ಲ. ಉಪ್ಪು ತೀರಾ ಹೆಚ್ಚಿದ ದ್ರಾವಣದಲ್ಲಿ ಇಂಥ ಡಿಎನ್‌ಎ ರೂಪ ಬದಲಿಸುವುದನ್ನು ಪೋಲ್ ಮತ್ತು ಜೋವಿನ್ 1972ರಲ್ಲೇ ಕಂಡಿದ್ದರು. ಪ್ರಯೋಗಶಾಲೆಯ ಉಪ್ಪುನೀರಿನಲ್ಲಿ ಕಂಡದ್ದಕ್ಕೆ ಜೀವಕೋಶದಲ್ಲೇನು ಕೆಲಸ? ಪ್ರಶ್ನೆ ನ್ಯಾಯವಾದದ್ದೇ. ಅಣುವಿನ ಆಕಾರ ತಿಳಿದ ಮಾತ್ರಕ್ಕೆ ಅದರ ಕಸುಬು ತಿಳಿದಂತಾಗದು.

ಉತ್ತರದ ಸುಳಿವು ಸಿಗಲು ಇಪ್ಪತ್ತು ವರ್ಷ ಹಿಡಿಯಿತು. ನಮ್ಮ ದೇಹದ ‘ಅಡಾರ್-1’ ಎಂಬ ಪ್ರೋಟೀನಿನ ಒಂದು ತುದಿ ಎಡಮುರಿಯನ್ನು ಹಿಡಿದುಕೊಂಡಿರುವ ಚಿತ್ರವನ್ನು 1999ರಲ್ಲಿ ಹರಳೇ ಕೊಟ್ಟಿತು. ಈ ಪ್ರೋಟೀನು ಜೋಡಿ ಎಳೆಯ ಆರ್‌ಎನ್‌ಎಯನ್ನು ತಿದ್ದುತ್ತದೆ. ದೇಹದ ಕಾವಲುಪಡೆ ಸ್ವಂತ ಆರ್‌ಎನ್‌ಎಯನ್ನೇ ವೈರಸ್ ಎಂದು ಭ್ರಮಿಸದಂತೆ ತಡೆಯುತ್ತದೆ. ಇದರ ಜೀನ್ ಕೆಟ್ಟರೆ ಮಕ್ಕಳಿಗೆ ಐಕಾರ್ಡಿ-ಗುಟಿಯೆರ್ ಎಂಬ ಮಿದುಳಿನ ಕಾಯಿಲೆ ಬರಬಹುದೆಂದು 2012ರಲ್ಲಿ ತಿಳಿಯಿತು. ಕೆಲವು ರೋಗಿಗಳಲ್ಲಿ ದೋಷ ಇರುವುದು, ಎಡಮುರಿಯನ್ನು ಹಿಡಿಯುವ ಆ ತುದಿಯಲ್ಲೇ.

ರಿಚ್ 2015ರಲ್ಲಿ ತೀರಿಕೊಂಡರು. ಉಪ್ಪುನೀರಿನ ವಿಚಿತ್ರ ಎನ್ನಿಸಿಕೊಂಡ ಸುರುಳಿ ಆ ಹೊತ್ತಿಗೆ ವೈದ್ಯರ ಪುಸ್ತಕದೊಳಕ್ಕೆ ಕಾಲಿಟ್ಟಿತ್ತು.