ನಿದ್ರೆಗೊಂದು ಒತ್ತಾಸೆ

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬುದು ನಮ್ಮ ಹಿರಿಯರ ಮಾತು. ಆದರೆ ಸಂತೆಯಲ್ಲಿ ನಿದ್ದೆ ಹೋದವರೆಲ್ಲರೂ ನಿಶ್ಚಿಂತರೆಂದು ತಿಳಿಯಲಾಗದು. ರಾತ್ರಿ ಎಂಟು ತಾಸು ಹಾಸಿಗೆಯ ಮೇಲೆ ಮಲಗಿ, ಮನೆಯೆಲ್ಲ ಅದುರುವಂತೆ ಗೊರಕೆ ಹೊಡೆದು, ಬೆಳಿಗ್ಗೆ ತಲೆಭಾರದಿಂದ ಏಳುವವರಿದ್ದಾರೆ. ಕಚೇರಿಯ ಮೇಜಿನ ಮುಂದೆ ತೂಕಡಿಸುತ್ತಾರೆ. ಬಸ್ಸಿನಲ್ಲಿ ಕುಳಿತೊಡನೆ ಕಣ್ಣು ಮುಚ್ಚಿ, ಇಳಿಯಬೇಕಾದ ನಿಲ್ದಾಣವನ್ನು ದಾಟಿ ಹೋಗುತ್ತಾರೆ. ಅವರನ್ನು ಕಂಡು ನಾವು 'ಕುಂಭಕರ್ಣ' ಎಂದು ನಗುತ್ತೇವೆ. ಪಾಪ, ಕುಂಭಕರ್ಣನಿಗೆ ಆರು ತಿಂಗಳ ನಿದ್ದೆಯಾದರೂ ದಕ್ಕಿತ್ತು. ಇವರಿಗೆ ಒಂದು ರಾತ್ರಿಯ ನಿದ್ದೆಯೂ ದಕ್ಕಿರುವುದಿಲ್ಲ.

ಕೆಲವು ತಿಂಗಳ ಹಿಂದೆ ಈ ಅಂಕಣದ ವಾಚಕಿಯೊಬ್ಬರು ನನಗೊಂದು ಪತ್ರ ಬರೆದಿದ್ದರು. ಅವರ ಯಜಮಾನರಿಗೆ 52 ವರ್ಷ. ನಿದ್ರೆಯಲ್ಲಿ ಉಸಿರು ಕಟ್ಟುವ ರೋಗವಿದೆಯೆಂದು ವೈದ್ಯರು ಪರೀಕ್ಷಿಸಿ ಹೇಳಿದ್ದರು. ಸಿ-ಪ್ಯಾಪ್ ಎಂಬ ಯಂತ್ರವನ್ನು ಕೊಡಿಸಿ, ಗಾಳಿಯ ಒತ್ತಡವನ್ನು 11ಕ್ಕೆ ನಿಗದಿಪಡಿಸಿದ್ದರು. ಒಂದು ತಿಂಗಳು ಹೇಗೋ ಕಳೆಯಿತು. ಅನಂತರ ಯಜಮಾನರ ದೂರುಗಳು ಮೊದಲಾದವು: ಗಾಳಿ ಕಣ್ಣಿಗೆ ಬಡಿಯುತ್ತದೆ, ಉಸಿರು ಹೊರಬಿಡುವುದು ಕಷ್ಟ, ಬಾಯಿ ಒಣಗುತ್ತದೆ. ನಾದಿನಿಯ ಮಗ, ಜಾಣ ಹುಡುಗ, ಯಂತ್ರದ ಒಳಗುಟ್ಟನ್ನು ಎಲ್ಲಿಂದಲೋ ತಿಳಿದುಬಂದು ಒತ್ತಡವನ್ನು 6ಕ್ಕೆ ಇಳಿಸಿಕೊಟ್ಟ.

'ಈಗ ಬಹಳ ಹಾಯಾಗಿದೆ ಎಂದು ಅವರು ಹೇಳುತ್ತಾರೆ' ಎಂದು ಆ ಸೋದರಿ ಬರೆದಿದ್ದರು. 'ಆದರೆ ಹಳೆಯ ಗೊರಕೆ ನನಗೆ ಮತ್ತೆ ಕೇಳಿಸುತ್ತಿದೆ. ಅದು ತಟ್ಟನೆ ನಿಂತಾಗ ನಾನು ಎದ್ದು ಕುಳಿತು, ಮತ್ತೆ ಉಸಿರು ಬರುವವರೆಗೂ ಒಂದು, ಎರಡು ಎಂದು ಎಣಿಸುತ್ತೇನೆ. ಕೆಲವೊಮ್ಮೆ ಇಪ್ಪತ್ತನ್ನೂ ದಾಟುತ್ತದೆ. ನಮ್ಮಿಬ್ಬರಲ್ಲಿ ಯಾರ ಮಾತು ಸರಿ?'

ಇಬ್ಬರ ಮಾತೂ ಸರಿಯೇ. ಯಜಮಾನರು ಹೇಳಿದ್ದು ಎಚ್ಚರದ ಮಾತು. ಆ ತಾಯಿ ಎಣಿಸಿದ್ದು ನಿದ್ರೆಯ ಲೆಕ್ಕ. ಯಂತ್ರವಿರುವುದು ಎರಡನೆಯದಕ್ಕಾಗಿ.

ಗಂಟಲಿನ ಹಿಂಭಾಗ ಮೆತ್ತನೆಯ ಮಾಂಸದ ಕೊಳವೆ. ಅದನ್ನು ತೆರೆದಿಡುವ ಎಲುಬಿನ ಚೌಕಟ್ಟು ಅಲ್ಲಿಲ್ಲ. ಆ ಕೆಲಸ ಸ್ನಾಯುಗಳದು. ನಿದ್ರೆ ಬಂದಾಗ ಸ್ನಾಯುಗಳು ಸಡಿಲಗೊಳ್ಳುತ್ತವೆ. ಕೊಳವೆ ಕಿರಿದಾದರೆ ಗೊರಕೆ; ಪೂರ್ತಿ ಮುಚ್ಚಿದರೆ ಉಸಿರೇ ಇಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಬೆಚ್ಚಿ ಅರೆ ಎಚ್ಚರಗೊಳ್ಳುತ್ತದೆ, ದಾರಿ ತೆರೆಯುತ್ತದೆ, ಮತ್ತೆ ನಿದ್ದೆ, ಮತ್ತೆ ತಡೆ. ಉಸಿರು 10 ಸೆಕೆಂಡು ಅಥವಾ ಹೆಚ್ಚು ಕಾಲ ನಿಂತ ಇಲ್ಲವೆ ತೀರ ಕುಗ್ಗಿದ ಪ್ರಸಂಗಗಳನ್ನು ವೈದ್ಯರು ಲೆಕ್ಕ ಹಾಕುತ್ತಾರೆ. ವಯಸ್ಕರಲ್ಲಿ ಗಂಟೆಗೆ 5ಕ್ಕಿಂತ ಕಡಮೆಯಾದರೆ ಸಹಜ, 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಅದನ್ನು ಮೀರಿದರೆ ತೀವ್ರ. ರಕ್ತದೊತ್ತಡ ಏರುವುದಕ್ಕೂ, ವಾಹನ ನಡೆಸುವಾಗ ಕಣ್ಣು ಮುಚ್ಚಿ ಅನಾಹುತವಾಗುವುದಕ್ಕೂ ಇದು ದಾರಿ ಮಾಡಿಕೊಡುತ್ತದೆ.

ತೀವ್ರ ರೋಗಕ್ಕೆ ಒಂದು ಕಾಲದಲ್ಲಿ ಕತ್ತಿನಲ್ಲಿ ರಂಧ್ರ ಕೊರೆದು ಶ್ವಾಸನಾಳಕ್ಕೆ ನೇರ ದಾರಿ ಮಾಡುವುದೇ ಚಿಕಿತ್ಸೆಯಾಗಿತ್ತು. ಆಸ್ಟ್ರೇಲಿಯದ ಸಿಡ್ನಿ ನಗರದ ವೈದ್ಯ ಕಾಲಿನ್ ಸಲಿವನ್ ಮತ್ತು ಅವರ ಸಂಗಡಿಗರು 1981ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬೇರೊಂದು ಉಪಾಯವನ್ನು ಪ್ರಕಟಿಸಿದರು: ಮೂಗಿನ ಮೂಲಕ ಸದಾ ಸ್ವಲ್ಪ ಒತ್ತಡದ ಗಾಳಿಯನ್ನು ಹಾಯಿಸಿ, ಗಂಟಲಿಗೆ ಒಳಗಿನಿಂದಲೇ ಆನಿಕೆ ಕೊಡುವುದು. ಐವರು ರೋಗಿಗಳ ಮೇಲೆ ನಡೆಸಿದ ಆ ಪ್ರಯೋಗದಲ್ಲಿ 4.5ರಿಂದ 10 ಸೆಂಟಿಮೀಟರ್ ನೀರಿನಷ್ಟು ಒತ್ತಡವೇ ಸಾಕಾಯಿತು. ಐವರೂ ಇಡೀ ರಾತ್ರಿ ತಡೆಯಿಲ್ಲದೆ ನಿದ್ರಿಸಿದರು.

ನೀರಿನ ಸೆಂಟಿಮೀಟರೆಂದರೇನೆಂದು ಮನೆಯಲ್ಲೇ ನೋಡಬಹುದು. ಉದ್ದನೆಯ ಲೋಟದಲ್ಲಿ 10 ಸೆಂಟಿಮೀಟರ್ ಎತ್ತರಕ್ಕೆ ನೀರು ತುಂಬಿ, ಎಳನೀರು ಕುಡಿಯುವ ಕೊಳವೆಯನ್ನು ತಳದವರೆಗೆ ಇಳಿಸಿ ಊದಿ. ಗುಳ್ಳೆ ಬರತೊಡಗಿದಾಗ ನೀವು ಕೊಡುತ್ತಿರುವುದು 10ರ ಒತ್ತಡ. ನಮ್ಮ ಸುತ್ತಲ ವಾಯುಮಂಡಲದ ಒತ್ತಡದ ನೂರರಲ್ಲಿ ಒಂದು ಪಾಲಿನಷ್ಟೂ ಅದಿಲ್ಲ. ಮನೆಯಲ್ಲಿ ಬಳಸುವ ಈ ಯಂತ್ರಗಳು ಸಾಮಾನ್ಯವಾಗಿ 4ರಿಂದ 20ರವರೆಗೆ ಒತ್ತಡ ಕೊಡಬಲ್ಲವು.

ಇಷ್ಟರಲ್ಲಿ ಯಾರಿಗೆ ಎಷ್ಟು ಎಂಬುದನ್ನು ನಿರ್ಣಯಿಸುವ ಬಗೆಯೂ ಉಂಟು. ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 2008ರಲ್ಲಿ ಹೊರಡಿಸಿದ ಸೂತ್ರದಂತೆ, ಪ್ರಯೋಗಶಾಲೆಯಲ್ಲಿ ರೋಗಿ ನಿದ್ರಿಸುತ್ತಿರುವಾಗ 4ರಿಂದ ಆರಂಭಿಸಿ, ಉಸಿರುಕಟ್ಟು ಕಂಡಂತೆ ಒಂದೊಂದೇ ಸೆಂಟಿಮೀಟರು, ಪ್ರತಿ ಸಲವೂ ಐದು ನಿಮಿಷವಾದರೂ ಕಾದು, ಏರಿಸುತ್ತಾರೆ. ಅಂಗಾತ ಮಲಗಿದಾಗ, ಕನಸಿನ ನಿದ್ರೆಯಲ್ಲಿರುವಾಗ, ಗಂಟಲು ಬಹಳ ಸಡಿಲವಾಗಿರುತ್ತದೆ; ಆಗಲೂ ಸಾಕಾಗುವ ಒತ್ತಡವೇ ಸರಿಯಾದ ಒತ್ತಡ. ಆದುದರಿಂದ ವೈದ್ಯರು ಬರೆದ ಅಂಕಿಯೂ ಒಂದು ಔಷಧದ ಪ್ರಮಾಣವೆಂದೇ ತಿಳಿಯತಕ್ಕದ್ದು. ಕಹಿಯೆಂದು ಕಷಾಯವನ್ನು ಅರ್ಧಕ್ಕೆ ಇಳಿಸಿದರೆ ನಾಲಗೆಗೆ ಹಿತ, ಜ್ವರಕ್ಕೂ ಹಿತ!

ಹಾಗಾದರೆ ಕಷ್ಟವನ್ನು ಸಹಿಸಿಕೊಂಡೇ ಇರಬೇಕೆ? ಬೇಡ. ಒತ್ತಡದ ತಲೆಗೆ ಕಟ್ಟುವ ಎಷ್ಟೋ ದೋಷಗಳು ಒತ್ತಡದವಲ್ಲ. ಅವುಗಳನ್ನು ಕ್ರಮವಾಗಿ ನಿವಾರಿಸಿದ ಮೇಲೆಯೇ ಅಂಕಿಯ ವಿಚಾರ.

ಮೊದಲನೆಯದು ಮಾಸ್ಕು. ಕಣ್ಣಿಗೆ ಗಾಳಿ ಬಡಿಯುವುದು ಸೋರಿಕೆಯ ಲಕ್ಷಣ. ಪಟ್ಟಿಯನ್ನು ಬಿಗಿದಷ್ಟೂ ಸೋರಿಕೆ ನಿಲ್ಲುತ್ತದೆಂಬುದು ಭ್ರಮೆ. ಅತಿ ಬಿಗಿದರೆ ಅಂಚು ಸುಕ್ಕುಗಟ್ಟಿ ಇನ್ನಷ್ಟು ಸೋರುತ್ತದೆ, ಮೂಗಿನ ಮೇಲೆ ಹುಣ್ಣಾಗುತ್ತದೆ. ಯಂತ್ರವನ್ನು ನಡೆಸಿ, ಮಲಗುವ ಭಂಗಿಯಲ್ಲೇ ಮಲಗಿ, ಪಟ್ಟಿಯನ್ನು ಸರಿಪಡಿಸಬೇಕು. ಮುಖದ ಜಿಡ್ಡಿಗೆ ಮಾಸ್ಕು ಜಾರುವುದರಿಂದ ಅದನ್ನು ದಿನವೂ ಸೌಮ್ಯ ಸಾಬೂನಿನಿಂದ ತೊಳೆಯಬೇಕು. ಆಗಲೂ ಸೋರಿದರೆ ಅಳತೆಯೇ ತಪ್ಪಿರಬಹುದು. ನಿದ್ರೆಯಲ್ಲಿ ಬಾಯಿ ತೆರೆಯುವವರಿಗೆ ಮೂಗು-ಬಾಯಿ ಎರಡನ್ನೂ ಮುಚ್ಚುವ ಮಾಸ್ಕು ಒಳಿತು; ಮೂಗು ಕಟ್ಟಿದ್ದರೆ ಅದಕ್ಕೂ ಚಿಕಿತ್ಸೆ ಬೇಕು.

ಎರಡನೆಯದು ತೇವ. ಬಾಯಿ, ಗಂಟಲು ಒಣಗಿದರೆ ಯಂತ್ರದ ನೀರಿನ ತೊಟ್ಟಿಯನ್ನು ಬಳಸಿ, ತೇವಾಂಶವನ್ನು ಹೆಚ್ಚಿಸಬೇಕು. ದಿನವೂ ಹಳೆಯ ನೀರನ್ನು ಚೆಲ್ಲಿ ಬಟ್ಟಿಯಿಳಿಸಿದ ನೀರನ್ನು ತುಂಬುವುದು ಕ್ಷೇಮ. ಚಳಿಗಾಲದಲ್ಲಿ ಕೊಳವೆಯೊಳಗೆ ಹನಿಗೂಡಿ ಮುಖಕ್ಕೆ ಸಿಡಿದರೆ ತೇವಾಂಶವನ್ನು ತುಸು ತಗ್ಗಿಸಿ, ಕೊಳವೆಯನ್ನು ಹೊದಿಕೆಯೊಳಗೆ ಬೆಚ್ಚಗಿಡಬೇಕು.

ಮೂರನೆಯದು ಏರಿಕೆಯ ಸೌಕರ್ಯ. ಯಂತ್ರದ ಮೇಲೆ ಇದನ್ನು 'ರ‍್ಯಾಂಪ್' ಎಂದು ಬರೆದಿರುತ್ತದೆ. ಎಚ್ಚರವಿರುವಾಗ ಕಡಮೆ ಒತ್ತಡದಿಂದ ಆರಂಭಿಸಿ, ನಿದ್ರೆ ಹತ್ತುವ ಹೊತ್ತಿಗೆ ಪೂರ್ಣ ಒತ್ತಡಕ್ಕೆ ಮುಟ್ಟಿಸುವುದು ಇದರ ಕೆಲಸ. ಅವಧಿಯನ್ನು ನಾವೇ ಗೊತ್ತುಮಾಡಿಕೊಳ್ಳಬಹುದು. ಆದರೆ 4ರ ಗಾಳಿ ಕೆಲವರಿಗೆ ಸಾಲದೆ ಮಾಸ್ಕಿನೊಳಗೆ ಉಸಿರುಗಟ್ಟಿದಂತಾಗುತ್ತದೆ. ಅಂಥವರು ವೈದ್ಯರಿಗೆ ಹೇಳಿ ಆರಂಭದ ಒತ್ತಡವನ್ನು ತುಸು ಏರಿಸಿಕೊಳ್ಳಬೇಕು. ಹೆಚ್ಚಿಸಿದರೆ ಹಾಯೆನಿಸುವುದು ವಿಚಿತ್ರವಾದರೂ ನಿಜ.

ನಾಲ್ಕನೆಯದು ನಿಶ್ವಾಸದ ಸೌಕರ್ಯ. ಉಸಿರು ಹೊರಬಿಡುವ ಕ್ಷಣದಲ್ಲಿ ಮಾತ್ರ ಒತ್ತಡವನ್ನು ತಗ್ಗಿಸುವ ಈ ಏರ್ಪಾಡು ಬಹಳ ಯಂತ್ರಗಳಲ್ಲಿದೆ. 1, 2, 3 ಎಂಬ ಮೆಟ್ಟಿಲುಗಳಿರುತ್ತವೆ. ಇವುಗಳ ಜೊತೆಗೆ, ಸಂಜೆ ಅರ್ಧ ಗಂಟೆ ಎಚ್ಚರವಿದ್ದಾಗಲೇ ಮಾಸ್ಕು ಧರಿಸಿ ಪತ್ರಿಕೆ ಓದುವ ಅಭ್ಯಾಸವಿದ್ದರೆ ರಾತ್ರಿಯ ಭಯ ಅರ್ಧವಾಗುತ್ತದೆ.

ಇಷ್ಟಾದ ಮೇಲೂ ಕಷ್ಟವಿದ್ದರೆ ಆಗ ಒತ್ತಡವನ್ನೇ ವಿಚಾರಿಸೋಣ. ಬಹುತೇಕ ಯಂತ್ರಗಳು ರಾತ್ರಿಯ ವರದಿಯನ್ನು ಕಾದಿಡುತ್ತವೆ: ಎಷ್ಟು ತಾಸು ಬಳಕೆ, ಎಷ್ಟು ಸೋರಿಕೆ, ಗಂಟೆಗೆ ಎಷ್ಟು ತಡೆ. ಒಂದು ರಾತ್ರಿಯ ಅಂಕಿಯನ್ನು ಹಿಡಿದು ಗಾಬರಿಯಾಗದೆ, ವಾರದ ಅಂಕಿಗಳನ್ನು ನೋಡಬೇಕು. ಗೊರಕೆ ಮರಳುವುದು, ಏದುಸಿರಿನಿಂದ ಎಚ್ಚರವಾಗುವುದು, ತಡೆಗಳು 5ನ್ನು ಮೀರುವುದು ಒತ್ತಡ ಸಾಲದೆಂಬುದರ ಚಿಹ್ನೆ. ಗಾಳಿ ನುಂಗಿ ಹೊಟ್ಟೆ ಉಬ್ಬರಿಸುವುದು, ಸರಿಯಾದ ಮಾಸ್ಕೂ ಸೋರುವುದು ಹೆಚ್ಚಾಯಿತೆಂಬುದರ ಚಿಹ್ನೆಯಾಗಿರಬಹುದು. ಒತ್ತಡ ಏರಿಸಿದಾಗ ಕೆಲವರಲ್ಲಿ ಗಂಟಲು ತೆರೆದಿದ್ದರೂ ಮಿದುಳೇ ಉಸಿರಾಟದ ಅಪ್ಪಣೆ ಕೊಡದ ತಡೆಗಳು ತೋರುವುದುಂಟು; ಇದನ್ನು ವೈದ್ಯರೇ ನೋಡಬೇಕು. ವರದಿಯನ್ನು ಅವರಿಗೆ ತೋರಿಸಿ, ಅವರ ಒಪ್ಪಿಗೆಯಿಂದ ಅರ್ಧ ಅಥವಾ ಒಂದು ಸೆಂಟಿಮೀಟರಿನಷ್ಟೇ ಬದಲಿಸಿ, ಕೆಲವು ರಾತ್ರಿ ಕಾಯಬೇಕು. 11ರಿಂದ 6ಕ್ಕೆ ಹಾರುವುದು ಹೊಂದಾಣಿಕೆಯಲ್ಲ, ಚಿಕಿತ್ಸೆಯನ್ನು ಬಿಟ್ಟಂತೆ. ಹೃದಯ ಅಥವಾ ಶ್ವಾಸಕೋಶದ ಕಾಯಿಲೆಯುಳ್ಳವರಂತೂ ಸ್ವಂತ ಬುದ್ಧಿಯಿಂದ ಮುಟ್ಟಲೇಬಾರದು. ದೇಹದ ತೂಕ ಬಹಳ ಏರಿದಾಗ ಇಲ್ಲವೆ ಇಳಿದಾಗ ಅಂಕಿಯನ್ನು ಹೊಸದಾಗಿ ಪರಿಶೀಲಿಸಬೇಕಾಗುತ್ತದೆ.

ಇದೆಲ್ಲವನ್ನೂ ಆ ಸೋದರಿಗೆ ಅಂದೇ ಬರೆದು, ಯಜಮಾನರೊಡನೆ ವೈದ್ಯರಲ್ಲಿಗೆ ತಾವೂ ಹೋಗಿ ಎಣಿಕೆಯ ವಿಷಯ ತಿಳಿಸಬೇಕೆಂದು ಕೇಳಿಕೊಂಡೆ. ರೋಗಿಗೆ ತನ್ನ ಗೊರಕೆ ಕೇಳಿಸದು. ಪಕ್ಕದಲ್ಲಿ ಎಚ್ಚರವಿದ್ದವರ ಸಾಕ್ಷ್ಯಕ್ಕೆ ಬೆಲೆ ಹೆಚ್ಚು.

ಕಳೆದ ವಾರ ಅವರ ಎರಡನೆಯ ಪತ್ರ ಬಂದಿತು. ಮಾಸ್ಕಿನ ಅಳತೆ ದೊಡ್ಡದಾಗಿತ್ತಂತೆ. ಅದನ್ನು ಬದಲಿಸಿ, ಏರಿಕೆಯ ಅವಧಿಯನ್ನೂ ನಿಶ್ವಾಸದ ಮೆಟ್ಟಿಲನ್ನೂ ಗೊತ್ತುಮಾಡಿ, ವೈದ್ಯರು ಒತ್ತಡವನ್ನು ಹಂತಹಂತವಾಗಿ 10ಕ್ಕೆ ತಂದು ನಿಲ್ಲಿಸಿದ್ದಾರೆ. ತಡೆಗಳು ಗಂಟೆಗೆ 3ಕ್ಕೆ ಇಳಿದಿವೆ. ಜಾಣ ಹುಡುಗನಿಗೆ ಈಗ ಒತ್ತಡದ ಅಧಿಕಾರವಿಲ್ಲ. ತೊಟ್ಟಿಗೆ ನೀರು ತುಂಬುವ ಕೆಲಸವನ್ನು ವಹಿಸಿದ್ದಾರಂತೆ.

ಪತ್ರದ ಕೊನೆಯಲ್ಲಿ ಹೀಗೆ ಬರೆದಿದ್ದರು: 'ಮೊದಲ ಕೆಲವು ರಾತ್ರಿ, ಗೊರಕೆಯಿಲ್ಲದ ನಿಶ್ಶಬ್ದಕ್ಕೇ ಹೆದರಿ ಎದ್ದು ಕೂರುತ್ತಿದ್ದೆ. ಈಗ ಎಣಿಸುವುದನ್ನು ಬಿಟ್ಟಿದ್ದೇನೆ. ನನಗೂ ನಿದ್ದೆ ಬರುತ್ತಿದೆ.'