ಕಿವಿಗೊಂದು ಒಡವೆ ಕೊಳ್ಳುವ ಮುನ್ನ

ಸೀರೆ ಕೊಳ್ಳಲು ಹೋದ ಗೃಹಿಣಿಯು ಅಂಗಡಿಯ ದೀಪವನ್ನು ನಂಬುವುದಿಲ್ಲ. ಸೆರಗನ್ನು ಬಾಗಿಲ ಬಳಿಗೆ ತಂದು ಹಗಲ ಬೆಳಕಿನಲ್ಲಿ ಹಿಡಿದು ನೋಡಿದ ಮೇಲೆಯೇ ಬಣ್ಣದ ವಿಷಯದಲ್ಲಿ ಆಕೆಯ ತೀರ್ಮಾನ. ಅದೇ ಮನೆಯ ಯಜಮಾನರೋ ಮಗನೋ ಮೂವತ್ತು ನಲವತ್ತು ಸಾವಿರ ರೂಪಾಯಿ ಬೆಲೆಯ ಹೆಡ್‌ಫೋನ್ ಒಂದನ್ನು ಕೊಳ್ಳಲು ಹೊರಟಾಗ ಈ ಜಾಣ್ಮೆ ಮನೆಯಲ್ಲಿಯೇ ಉಳಿದುಬಿಡುತ್ತದೆ. ಅಂಗಡಿಯವನು ತಲೆಗೆ ತೊಡಿಸಿದ್ದನ್ನು ತೊಟ್ಟು, ಅವನು ನುಡಿಸಿದ ಹಾಡನ್ನು ಎರಡು ನಿಮಿಷ ಕೇಳಿ, 'ಆಹಾ' ಎಂದು ತಲೆದೂಗಿ, ಒಂದು ತಿಂಗಳ ಸಂಬಳವನ್ನು ಎಣಿಸಿಕೊಟ್ಟು ಬರುವವರೇ ಹೆಚ್ಚು. ಕಿವಿಗೂ ಒಂದು ಹಗಲ ಬೆಳಕುಂಟು. ಅದನ್ನು ಹುಡುಕಿಕೊಳ್ಳುವ ಶ್ರಮ ವಹಿಸುವವರು ವಿರಳ.

ಈ ಉಪಕರಣ ಹುಟ್ಟಿದ್ದು ಸಂಗೀತಕ್ಕಾಗಿ ಅಲ್ಲ. ಅಮೆರಿಕದ ಯೂಟಾ ಪ್ರಾಂತದ ನಥಾನಿಯಲ್ ಬಾಲ್ಡ್ವಿನ್ ಎಂಬಾತ ತನ್ನ ಅಡಿಗೆಮನೆಯಲ್ಲಿ ಕುಳಿತು ಜೋಡಿಸುತ್ತಿದ್ದ ಕಿವಿಯಂತ್ರಗಳನ್ನು ೧೯೧೦ರಲ್ಲಿ ಆ ದೇಶದ ನೌಕಾಪಡೆ ತರಿಸಿಕೊಂಡದ್ದು ನಿಸ್ತಂತು ಸಂದೇಶಗಳನ್ನು ಆಲಿಸುವುದಕ್ಕಾಗಿ. ೧೯೫೮ರಲ್ಲಿ ಮಿಲ್ವಾಕಿಯ ಜಾನ್ ಕಾಸ್ ಸ್ಟೀರಿಯೋ ಸಂಗೀತಕ್ಕೆಂದೇ ಒಂದನ್ನು ಮುಂದಿಟ್ಟ ಮೇಲೆ ಅದು ರಸಿಕರ ಮನೆಯನ್ನು ಹೊಕ್ಕಿತು. ೧೯೬೮ರಲ್ಲಿ ಜರ್ಮನಿಯ ಸೆನ್‌ಹೈಸರ್ ಸಂಸ್ಥೆಯು ಬೆನ್ನು ತೆರೆದ ಎಚ್.ಡಿ. ೪೧೪ ಮಾದರಿಯನ್ನು ತಂದಿತು. ಅಲ್ಲಿಂದ ಮುಂದೆ ಮುಚ್ಚಿದ್ದು, ತೆರೆದದ್ದು ಎಂದು ಎರಡು ಕುಲಗಳಾದುವು. ಮುಚ್ಚಿದ್ದು ದನಿಯನ್ನು ತನ್ನೊಳಗೇ ಇಟ್ಟುಕೊಳ್ಳುತ್ತದೆ. ತೆರೆದದ್ದರಲ್ಲಿ ಸಂಗೀತ ಹೆಚ್ಚು ಬಯಲಾಗಿ, ಸಹಜವಾಗಿ ಕೇಳುವುದುಂಟು; ಆದರೆ ಪಕ್ಕದಲ್ಲಿ ಓದುತ್ತ ಕುಳಿತ ಮಗುವಿಗೂ ಅದರ ಪಾಲು ಸಲ್ಲುತ್ತದೆ. ಎರಡು ಕೋಣೆಗಳ ಮನೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಎರಡು ಹೆಡ್‌ಫೋನುಗಳನ್ನು ಹೋಲಿಸುವಾಗ ಆಗುವ ಮೊದಲ ಮೋಸ ಗಟ್ಟಿತನದ್ದು. ಕಿವಿಯ ಸ್ವಭಾವವೇ ಹಾಗೆ. ಸಣ್ಣ ದನಿಯಲ್ಲಿ ಮಂದ್ರದ ನಾದ ಕುಂದಿ ಕೇಳುತ್ತದೆ, ದನಿಯೇರಿದಂತೆ ತುಂಬಿಕೊಳ್ಳುತ್ತದೆ. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ೧೯೩೩ರಲ್ಲಿಯೇ ಇದನ್ನು ಅಳೆದು ರೇಖೆಗಳಲ್ಲಿ ಬರೆದು ತೋರಿಸಿದರು. ಆದುದರಿಂದ ಎರಡರಲ್ಲಿ ಕೂದಲೆಳೆಯಷ್ಟು ಗಟ್ಟಿಯಾಗಿರುವುದು 'ಗಟ್ಟಿ' ಎಂದು ತೋರದೆ 'ಚೆನ್ನಾಗಿದೆ' ಎಂದೇ ತೋರುತ್ತದೆ. ೧೯೯೭ರಲ್ಲಿ ಬಂದ ಸೆನ್‌ಹೈಸರ್ ಎಚ್.ಡಿ. ೬೦೦ರ ವಿದ್ಯುತ್ ತಡೆ ೩೦೦ ಓಮ್. ಕಿಸೆಯ ದೂರವಾಣಿಗೆಂದು ಮಾಡಿದ ಸಾಮಾನ್ಯ ಹೆಡ್‌ಫೋನಿನದು ೩೨ರ ಆಸುಪಾಸು. ಒಂದೇ ಗುಂಡಿಯನ್ನು ಒಂದೇ ಗುರುತಿಗೆ ತಿರುಗಿಸಿಟ್ಟು ಇವೆರಡನ್ನು ಕೇಳಿದರೆ ಮೊದಲನೆಯದು ಪಾಪ, ಸೊರಗಿದಂತೆ ಕೇಳುತ್ತದೆ. ತಪ್ಪು ಅದರದಲ್ಲ, ಅದಕ್ಕೆ ಬೇಕಾದಷ್ಟು ಮೇವು ಹಾಕಿಲ್ಲ, ಅಷ್ಟೆ.

ಇದಕ್ಕೆ ಪರಿಹಾರ ಅಗ್ಗದ್ದು. ದಪ್ಪ ರಟ್ಟೊಂದರಲ್ಲಿ ಸಣ್ಣ ತೂತು ಮಾಡಿ, ದೂರವಾಣಿಯ ಮೈಕ್ರೋಫೋನನ್ನು ಅದಕ್ಕೆ ಒತ್ತಿಟ್ಟು, ಇನ್ನೊಂದು ಬದಿಗೆ ಹೆಡ್‌ಫೋನಿನ ಬಟ್ಟಲನ್ನು ಕವುಚಬೇಕು. ಮಳೆ ಸುರಿದಂತೆ ಕೇಳುವ 'ಪಿಂಕ್ ನಾಯ್ಸ್' ಎಂಬ ಪರೀಕ್ಷಾಧ್ವನಿಯನ್ನು ನುಡಿಸಿ, ಡೆಸಿಬೆಲ್ ತೋರಿಸುವ ಯಾವುದಾದರೂ ತಂತ್ರಾಂಶದಲ್ಲಿ ಎರಡೂ ಒಂದೇ ಅಂಕಿಗೆ ಬರುವಂತೆ ಗುಂಡಿಯನ್ನು ಸರಿಪಡಿಸಬೇಕು. ಅಂಕಿ ತಾನಾಗಿ ನಿಖರವಾಗಿರಬೇಕೆಂದಿಲ್ಲ, ಸಮನಾಗಿದ್ದರೆ ಸಾಕು. ಅಂಗಡಿಯಲ್ಲಿ ಹೀಗೆ ಮಾಡಹೊರಟವನನ್ನು ಮಾಲೀಕ ವಿಚಿತ್ರವಾಗಿ ನೋಡಿಯಾನು. ತಕ್ಕಡಿಯ ಮುಳ್ಳನ್ನು ನೋಡುವ ಗಿರಾಕಿಯನ್ನೂ ಎಲ್ಲ ವರ್ತಕರೂ ಹಾಗೆಯೇ ನೋಡುತ್ತಾರೆ.

ಎರಡನೆಯ ಮೋಸ ಕಣ್ಣಿನದು. ಇದು ಮೊದಲನೆಯದಕ್ಕಿಂತ ಆಳವಾದದ್ದು. ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಧ್ವನಿತಜ್ಞರು ೧೯೯೪ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಅದೇ ಧ್ವನಿವರ್ಧಕಗಳನ್ನು ಅದೇ ಜನರು ಒಮ್ಮೆ ಕಣ್ಣಾರೆ ಕಂಡು ಕೇಳಿದರು, ಇನ್ನೊಮ್ಮೆ ಪರದೆಯ ಮರೆಯಲ್ಲಿ ಕೇಳಿದರು. ಕಂಡು ಕೇಳಿದಾಗ ದೊಡ್ಡದಾಗಿ, ಠೀವಿಯಾಗಿ ಕಾಣುವ ಪೆಟ್ಟಿಗೆಗಳಿಗೆ ಅಂಕ ಏರಿತು. ಪರದೆ ಬಿದ್ದೊಡನೆ ಅಂತರ ಕುಗ್ಗಿತು. ಕೇಳಿದವರು ಹಾದಿಹೋಕರಲ್ಲ, ಧ್ವನಿವರ್ಧಕಗಳನ್ನು ತಯಾರಿಸುವ ಸಂಸ್ಥೆಯ ನೌಕರರೇ ಎಂಬುದು ಸೋಜಿಗ.

ಹೆಡ್‌ಫೋನಿನ ವಿಷಯದಲ್ಲಿ ಪರದೆ ಹಾಕುವುದು ಇನ್ನೂ ಕಷ್ಟ. ಕಣ್ಣು ಕಟ್ಟಿದರೂ ತಲೆಗೆ ತೂಕ ತಿಳಿಯುತ್ತದೆ, ಕೆನ್ನೆಗೆ ಮಖಮಲ್ಲೋ ಚರ್ಮವೋ ಎಂಬುದು ತಿಳಿಯುತ್ತದೆ. ಈ ತೊಡಕನ್ನು ಬಿಡಿಸಲು ಆಲಿವ್ ಮತ್ತು ಅವರ ಸಂಗಡಿಗರು ೨೦೧೩ರಲ್ಲಿ ಒಂದು ಉಪಾಯ ಹೂಡಿದರು: ಬೇರೆ ಬೇರೆ ಹೆಡ್‌ಫೋನುಗಳ ನಾದದ ಏರಿಳಿತಗಳನ್ನು ಯಂತ್ರದಿಂದ ಅಳೆದು, ಅವೆಲ್ಲವನ್ನೂ ಒಂದೇ ಹೆಡ್‌ಫೋನಿನ ಮೂಲಕ ಅನುಕರಿಸಿ ಕೇಳಿಸಿದರು. ಶ್ರೋತೃವಿನ ತಲೆಯ ಮೇಲಿನದು ಬದಲಾಗದು, ಕಿವಿಯೊಳಗಿನದು ಮಾತ್ರ ಬದಲಾಗುತ್ತದೆ. ೨೦೧೭ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು ೨೮೩ ಹೆಡ್‌ಫೋನುಗಳ ಅಳತೆಗಳನ್ನು ಅವುಗಳ ಬೆಲೆಯೊಂದಿಗೆ ತಾಳೆ ನೋಡಿದರು. ನಾದದ ಏರಿಳಿತದ ರೀತಿಗೂ ಬೆಲೆಗೂ ಸಂಬಂಧವೇ ಕಾಣಲಿಲ್ಲ. ಬೆಲೆಯಲ್ಲಿ ಮರವೂ ಲೋಹವೂ ಕೈಗೆಲಸವೂ ಹೆಸರೂ ಸೇರಿವೆ. ಅವಕ್ಕಾಗಿ ಹಣ ಕೊಡುವುದು ಅಪರಾಧವಲ್ಲ. ಆದರೆ ಯಾವುದಕ್ಕೆ ಕೊಡುತ್ತಿದ್ದೇವೆಂಬುದು ಕೊಡುವವನಿಗೆ ಗೊತ್ತಿರಬೇಕು.

ಇನ್ನು ಯಾವುದನ್ನು ಕೇಳಿ ಪರೀಕ್ಷಿಸಬೇಕು? ಅಂಗಡಿಯವನ ಹಾಡನ್ನಂತೂ ಅಲ್ಲ. ಅದು ಅವನ ಸರಕಿಗೆ ಒಪ್ಪುವಂತೆ ಆರಿಸಿದ್ದು. ಜರ್ಮನಿಯ ಕಾರ್ಲ್‌ಹೈಂಟ್ಸ್ ಬ್ರಾಂಡೆನ್‌ಬುರ್ಗ್ ಎಂ.ಪಿ. ೩ ವಿಧಾನವನ್ನು ರೂಪಿಸುತ್ತಿದ್ದಾಗ ಒರೆಗಲ್ಲಾಗಿ ಇಟ್ಟುಕೊಂಡಿದ್ದು ಪಕ್ಕವಾದ್ಯವೇ ಇಲ್ಲದೆ ಸುಜಾನ್ ವೇಗಾ ಎಂಬಾಕೆ ಹಾಡಿದ್ದ ಒಂದು ಹಾಡನ್ನು. ಬರಿಯ ಕಂಠದಲ್ಲಿ ದೋಷ ಅವಿತುಕೊಳ್ಳಲಾರದು. ಮನುಷ್ಯನ ದನಿ ಹೇಗಿರುತ್ತದೆಂದು ಯಾರಿಗೆ ಗೊತ್ತಿಲ್ಲ?

ಕಚೇರಿ ಕೇಳಿ ಬೆಳೆದ ಕನ್ನಡ ಮನೆತನಗಳಿಗೆ ಇನ್ನೂ ಹತ್ತಿರದ ಒರೆಗಲ್ಲುಗಳಿವೆ. ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ ಸರಿಸುವ ನೂಲಿನ ಎಳೆಯಿಂದ ಹುಟ್ಟುವ ಝೇಂಕಾರವಿದೆಯಷ್ಟೆ. ಅದು ಒಂದು ಸ್ವರವಲ್ಲ, ಒಂದರ ಬೆನ್ನಿಗೊಂದು ಅರಳುವ ಉಪಸ್ವರಗಳ ಗೊಂಚಲು. ತಾರದ ನಾದದಲ್ಲಿ ಕುಂದುಳ್ಳ ಹೆಡ್‌ಫೋನಿನಲ್ಲಿ ತಂಬೂರಿ ಬರಿಯ ಗುಂಯ್ಗುಡುವಿಕೆಯಾಗುತ್ತದೆ, ಅತಿಯಾದದ್ದರಲ್ಲಿ ಸೊಳ್ಳೆಯಾಗುತ್ತದೆ. ಮೃದಂಗದ ಎಡಮುಖದಲ್ಲಿ ರವೆಯ ಕಣಕ ಮೆತ್ತಿದ ಚರ್ಮದ ಗುಂಕಿ ಬಂದು, ನಿಂತು, ಮುಗಿಯಬೇಕು. ಮಂದ್ರವನ್ನು ಉಬ್ಬಿಸಿದ ಹೆಡ್‌ಫೋನಿನಲ್ಲಿ ಅದು ಮುಗಿಯುವುದೇ ಇಲ್ಲ. ಮುಂದಿನ ನಾಲ್ಕು ಅಕ್ಷರಗಳನ್ನು ನುಂಗಿಕೊಂಡು ಉರುಳುತ್ತದೆ. ಚಿತ್ರಗೀತೆಯಲ್ಲಿ ಇದೇ ಉಬ್ಬರ ಸೊಗಸೆನಿಸುವುದರಿಂದಲೇ ಬಹುಮಂದಿ ಮೋಸಹೋಗುತ್ತಾರೆ. ಪಿಟೀಲು ಚೌಡಯ್ಯನವರ ಕಾಲದ ಹಳೆಯ ಮುದ್ರಿಕೆಗಳೂ ಒಂದು ಕೆಲಸಕ್ಕೆ ಒದಗುತ್ತವೆ. ಅವು ಒಂದೇ ವಾಹಿನಿಯವು. ಎರಡು ಕಿವಿಗೂ ಒಂದೇ ನಾದ. ಪಿಟೀಲು ನೆತ್ತಿಯ ನಡುವೆ ನಿಲ್ಲಬೇಕು. ಎಡಕ್ಕೋ ಬಲಕ್ಕೋ ವಾಲಿದರೆ ಹೆಡ್‌ಫೋನನ್ನು ತಿರುಗಿಸಿ ತೊಡಬೇಕು. ವಾಲುವಿಕೆಯೂ ತಿರುಗಿದರೆ ಬಟ್ಟಲುಗಳೆರಡು ಸಮವಾಗಿಲ್ಲ. ತಿರುಗದಿದ್ದರೆ ಕೊಳ್ಳುವವನು ಕಿವಿಯ ವೈದ್ಯರನ್ನು ಕಾಣಬೇಕಾದೀತು.

ನಾದದ ಸೂಕ್ಷ್ಮಗಳ ನೆನಪು ಕೆಲವು ಕ್ಷಣಗಳಿಗಿಂತ ಹೆಚ್ಚು ಉಳಿಯದು. ಸೋಮವಾರ ಒಂದು ಅಂಗಡಿಯಲ್ಲಿ, ಗುರುವಾರ ಇನ್ನೊಂದರಲ್ಲಿ ಕೇಳಿ ಮಾಡಿದ ಹೋಲಿಕೆ ಹೋಲಿಕೆಯೇ ಅಲ್ಲ. ಹದಿನೈದು ಸೆಕೆಂಡಿನ ತುಣುಕೊಂದನ್ನು ಆರಿಸಿಕೊಂಡು, ತಲೆಯಿಂದ ತಲೆಗೆ ಬದಲಿಸುವಷ್ಟು ಬೇಗ ಬದಲಿಸುತ್ತ ಹತ್ತಾರು ಬಾರಿ ಕೇಳಬೇಕು. ನೂರು ಗಂಟೆ ನುಡಿಸಿದ ಮೇಲೆ ಹೆಡ್‌ಫೋನು ಪಳಗಿ ಇಂಪಾಗುತ್ತದೆಂಬ ಮಾತು ಮಾರುಕಟ್ಟೆಯಲ್ಲಿ ಓಡಾಡುತ್ತಿದೆ. ಮೆತ್ತೆ ಸ್ವಲ್ಪ ಮೆತ್ತಗಾಗುವುದು ನಿಜ. ಉಳಿದಂತೆ ಬಹುಮಟ್ಟಿಗೆ ಪಳಗುವುದು ಕೇಳುವವನೇ. ಅಷ್ಟರಲ್ಲಿ ಹಿಂದಿರುಗಿಸುವ ಗಡುವು ಕಳೆದಿರುತ್ತದೆ.

ಪರೀಕ್ಷೆಯ ಉತ್ಸಾಹದಲ್ಲಿ ಗುಂಡಿ ಏರುತ್ತ ಹೋಗುವುದೂ ಸಹಜ. ವಾರಕ್ಕೆ ೪೦ ಗಂಟೆ ಕೇಳುವ ವಯಸ್ಕರಿಗೆ ೮೦ ಡೆಸಿಬೆಲ್ ಮಿತಿಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಪ್ರತಿ ಮೂರು ಡೆಸಿಬೆಲ್ ಏರಿಕೆಗೆ ಈ ಅವಧಿ ಅರ್ಧಕ್ಕರ್ಧ ಇಳಿಯುತ್ತದೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಮೊಳೆಯವು. ಅದಕ್ಕೆ ಬದಲಿ ಭಾಗ ಯಾವ ಅಂಗಡಿಯಲ್ಲಿಯೂ ದೊರೆಯದು.

ವಯಸ್ಸು ತಾನಾಗಿಯೂ ತಾರದ ನಾದವನ್ನು ಮೇಲಿನಿಂದ ಕೆಳಕ್ಕೆ ಕತ್ತರಿಸುತ್ತ ಬರುತ್ತದೆ. ಇಪ್ಪತ್ತರ ಮಗನ ಕಿವಿಯನ್ನು ಚುಚ್ಚುವ 'ಸ'ಕಾರ ಅರವತ್ತರ ತಂದೆಗೆ ಸ್ಪಷ್ಟವಾದ ಉಚ್ಚಾರಣೆಯೆಂದೇ ಹಿತವಾಗಬಹುದು. ಮಗನಿಗೆ ಮೃದುವೆನಿಸಿದ್ದು ತಂದೆಗೆ ಕಂಬಳಿ ಹೊದಿಸಿದಂತೆ ಕೇಳಬಹುದು. ಆದುದರಿಂದ ತಂದೆಗೆಂದು ಕೊಳ್ಳುವುದನ್ನು ಮಗನೊಬ್ಬನೇ ಹೋಗಿ ಆರಿಸುವುದು ತರವಲ್ಲ. ತಂದೆಯವರೇ ಹೋಗಬೇಕು, ಅದೂ ಕನ್ನಡಕ ಧರಿಸಿ ಹೋಗಬೇಕು: ಮುಚ್ಚಿದ ಹೆಡ್‌ಫೋನಿನ ಮೆತ್ತೆಗೂ ಕೆನ್ನೆಗೂ ನಡುವೆ ಕನ್ನಡಕದ ಕಡ್ಡಿ ತೂರಿದರೆ ಸಾಕು, ಆ ಸಂದಿನಿಂದ ಮೃದಂಗದ ಗುಂಕಿಯೆಲ್ಲ ಸೋರಿಹೋಗುತ್ತದೆ.