ಬೈಕ್ ಟ್ಯಾಂಕ್‌ನ ತುಕ್ಕಿಗೆ ಕೋಲಾ, ಟಾಯ್ಲೆಟ್ ಆ್ಯಸಿಡ್ ಮದ್ದೇ? ಒಳಗೆ ಹಳೆಯ ಕೋಟಿಂಗ್ ಇದ್ದರೆ ಏನು ಮಾಡಬೇಕು?

ಮನೆಯ ಹಿತ್ತಲಲ್ಲಿ ವರ್ಷಗಟ್ಟಲೆ ನಿಂತ ಅಪ್ಪನ ಯೆಜ್ಡಿ, ಮಾವನ ಆರ್‌ಎಕ್ಸ್ 100, ಇಲ್ಲವೇ ತಾತನ ಕಾಲದ ಬುಲೆಟ್. ಇವನ್ನು ಮತ್ತೆ ರಸ್ತೆಗೆ ಇಳಿಸಬೇಕೆಂಬ ಆಸೆ ಈಗ ಅನೇಕರಿಗಿದೆ. ಜಾವಾ, ಯೆಜ್ಡಿಗಳು ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲೇ ತಯಾರಾಗುತ್ತಿದ್ದವು. 1996ರಲ್ಲಿ ಆ ಕಾರ್ಖಾನೆ ಬಾಗಿಲು ಮುಚ್ಚಿತು. ಅಂದರೆ ಅಲ್ಲಿಂದ ಹೊರಬಂದ ಅತಿ ಕಿರಿಯ ಬೈಕ್‌ಗೂ ಈಗ ಮೂವತ್ತು ವರ್ಷದ ಆಸುಪಾಸಿನ ವಯಸ್ಸು. ಇಂಥ ಬೈಕ್‌ನ ಪೆಟ್ರೋಲ್ ಟ್ಯಾಂಕ್ ಮುಚ್ಚಳ ತೆಗೆದು ಟಾರ್ಚ್ ಹಾಕಿದರೆ ಸಾಮಾನ್ಯವಾಗಿ ಕಾಣುವುದು ಎರಡೇ: ಕಂದು ತುಕ್ಕು, ಇಲ್ಲವೇ ಈರುಳ್ಳಿ ಸಿಪ್ಪೆಯಂತೆ ಎದ್ದು ಬರುತ್ತಿರುವ ಹಳೆಯ ಕೋಟಿಂಗ್.

ಇದಕ್ಕೆ ಪರಿಹಾರ ಹೇಳುವ ಸಂದೇಶಗಳಿಗೆ ವಾಟ್ಸ್‌ಆ್ಯಪ್‌ನಲ್ಲಿ ಬರವಿಲ್ಲ. "ಎರಡು ಬಾಟಲಿ ಕೋಲಾ ಸುರಿದು ಬಿಡಿ", "ಟಾಯ್ಲೆಟ್ ಆ್ಯಸಿಡ್ ಹಾಕಿ ಒಂದು ರಾತ್ರಿ ಇಡಿ, ಬೆಳಿಗ್ಗೆ ಫಳಫಳ", "ಹಳೇ ಕೋಟಿಂಗ್ ಬಿಡದಿದ್ದರೆ ಬೆಂಕಿ ತೋರಿಸಿ ಸುಟ್ಟುಬಿಡಿ". ಇವುಗಳಲ್ಲಿ ಮೊದಲನೆಯದು ಅರ್ಧ ಸತ್ಯ. ಎರಡನೆಯದು ಟ್ಯಾಂಕನ್ನು ಕೆಡಿಸಬಲ್ಲದು. ಮೂರನೆಯದು ಪ್ರಾಣವನ್ನೇ ತೆಗೆಯಬಲ್ಲದು. ಒಂದೊಂದಾಗಿ ನೋಡೋಣ.

ಪೆಟ್ರೋಲ್ ಇದ್ದ ಕಡೆ ತುಕ್ಕು ಹೇಗೆ?

ಕಬ್ಬಿಣ ತುಕ್ಕು ಹಿಡಿಯಲು ಆಮ್ಲಜನಕವೂ ಬೇಕು, ನೀರೂ ಬೇಕು. ಪೆಟ್ರೋಲ್‌ನಲ್ಲಿ ಮುಳುಗಿದ ಭಾಗಕ್ಕೆ ಇವೆರಡೂ ಹೆಚ್ಚು ಸಿಗುವುದಿಲ್ಲ. ಆದರೆ ಅರ್ಧ ಖಾಲಿ ಟ್ಯಾಂಕ್‌ನಲ್ಲಿ ಉಳಿದ ಜಾಗವನ್ನು ಗಾಳಿ ತುಂಬಿಕೊಳ್ಳುತ್ತದೆ. ಹಗಲು ಬಿಸಿಯಾಗಿ ರಾತ್ರಿ ತಣ್ಣಗಾದಾಗ ಆ ಗಾಳಿಯ ತೇವ ಒಳಗೋಡೆಯ ಮೇಲೆ ಹನಿಗಟ್ಟುತ್ತದೆ. ನೀರು ಪೆಟ್ರೋಲ್‌ಗಿಂತ ಭಾರ. ಹಾಗಾಗಿ ಹನಿಗಳು ಇಳಿದು ತಳ ಸೇರುತ್ತವೆ. ಮಳೆಗಾಲದಲ್ಲಿ ಮಲೆನಾಡು, ಕರಾವಳಿಯ ಮನೆಗಳಲ್ಲಿ ನಿಲ್ಲಿಸಿಟ್ಟ ಬೈಕ್‌ಗಳಿಗೆ ಈ ಕಾಟ ಹೆಚ್ಚು. ದೀರ್ಘಕಾಲ ನಿಲ್ಲಿಸುವ ಬೈಕ್‌ಗೆ ಟ್ಯಾಂಕ್ ತುಂಬಿಸಿಡಿ ಎಂಬ ಹಿರಿಯರ ಮಾತಿನಲ್ಲಿ ಅರ್ಥವಿದೆ. ಗಾಳಿಗೆ ಜಾಗ ಕಡಿಮೆಯಾದಷ್ಟೂ ತೇವ ಕಡಿಮೆ.

"ಎಲ್ಲಾ ಎಥೆನಾಲ್‌ನಿಂದಲೇ ಆಗಿದ್ದು" ಎಂಬ ಮಾತನ್ನೂ ಈಗ ಕೇಳುತ್ತೇವೆ. ಶೇ 20ರಷ್ಟು ಎಥೆನಾಲ್ ಬೆರೆತ ಇ20 ಪೆಟ್ರೋಲ್ ಮಾರಾಟಕ್ಕೆ ದೇಶದಲ್ಲಿ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿಯಲ್ಲಿ, ಬೆಂಗಳೂರಿನಲ್ಲೇ. ತುಕ್ಕು ಅದಕ್ಕಿಂತ ಬಹಳ ಹಳೆಯದು. ಆದರೆ ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ ಎಂಬುದು ನಿಜ. ನೀರು ಮಿತಿ ಮೀರಿದಾಗ ನೀರು ಮತ್ತು ಎಥೆನಾಲ್ ಸೇರಿ ಪೆಟ್ರೋಲ್‌ನಿಂದ ಬೇರ್ಪಟ್ಟು ತಳದಲ್ಲಿ ಪ್ರತ್ಯೇಕ ಪದರವಾಗಿ ನಿಲ್ಲುತ್ತವೆ. ಎಥೆನಾಲ್‌ಗಾಗಿ ತಯಾರಾಗದ ಕೆಲವು ಹಳೆಯ ಕೋಟಿಂಗ್‌ಗಳು ಅದರ ಸಂಪರ್ಕದಲ್ಲಿ ಮೆತ್ತಗಾಗಿ ಏಳುವುದೂ ಉಂಟು.

ಕೋಟಿಂಗ್ ಎಂದರೇನು, ಅದು ಏಳುವುದೇಕೆ?

ತುಕ್ಕು ಹಿಡಿದ ಅಥವಾ ಸಣ್ಣಗೆ ಸೋರುವ ಟ್ಯಾಂಕ್‌ನ ಒಳಗೆ ಸುರಿದು, ಎಲ್ಲ ಕಡೆ ಹರಡುವಂತೆ ತಿರುಗಿಸಿ ಒಣಗಿಸುವ ದ್ರವವೇ ಟ್ಯಾಂಕ್ ಸೀಲರ್. ಹೆಚ್ಚಿನವು ಎಪಾಕ್ಸಿಯಂಥ ರಾಳಗಳು. ಒಣಗಿದ ಮೇಲೆ ಗಟ್ಟಿ ಪೊರೆಯಾಗುತ್ತವೆ.

ತುಕ್ಕನ್ನೂ ಎಣ್ಣೆ ಜಿಡ್ಡನ್ನೂ ಪೂರ್ತಿ ತೆಗೆಯದೆ ಅದರ ಮೇಲೆಯೇ ಸೀಲರ್ ಬಳಿದಾಗ ತೊಂದರೆ ಶುರುವಾಗುತ್ತದೆ. ಪೊರೆ ಅಂಟಿರುವುದು ಲೋಹಕ್ಕಲ್ಲ, ತುಕ್ಕಿನ ಪುಡಿಗೆ. ಒದ್ದೆ ಗೋಡೆಗೆ ಸುಣ್ಣ ಬಳಿದಂತೆ! ಎಲ್ಲೋ ಒಂದು ಬಿರುಕಿನಿಂದ ತೇವ ಒಳಹೊಕ್ಕರೆ ಅಡಿಯಲ್ಲಿ ತುಕ್ಕು ಬೆಳೆಯುತ್ತಲೇ ಹೋಗುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಹಾಗಾಗಿ ಅದು ಪೊರೆಯನ್ನು ಮೇಲಕ್ಕೆ ತಳ್ಳುತ್ತದೆ. ಎದ್ದ ಚೂರುಗಳು ಪೆಟ್ರೋಲ್ ಕಾಕ್‌ನ ಜಾಲರಿಯನ್ನೋ ಕಾರ್ಬ್ಯುರೇಟರ್‌ನ ಜೆಟ್ ಅನ್ನೋ ಮುಚ್ಚಿ, ಓಡುತ್ತಿರುವ ಬೈಕ್ ನಡುರಸ್ತೆಯಲ್ಲಿ ನಿಲ್ಲುತ್ತದೆ. ಹಿಂದೆ ಲಾರಿ ಬರುತ್ತಿದ್ದರೆ ಇದು ಬರೀ ರಿಪೇರಿಯ ವಿಷಯವಲ್ಲ.

ಇಲ್ಲೇ ಎಲ್ಲ ಫಾರ್ವರ್ಡ್‌ಗಳೂ ಬಿಟ್ಟುಬಿಡುವ ಒಂದು ಮಾತಿದೆ. ಕೋಲಾ ಇರಲಿ, ವಿನೆಗರ್ ಇರಲಿ, ಯಾವುದೇ ಆಮ್ಲ ಕೆಲಸ ಮಾಡುವುದು ತುಕ್ಕನ್ನು ಮುಟ್ಟಿದಾಗ ಮಾತ್ರ. ನಡುವೆ ಕೋಟಿಂಗ್ ಇದ್ದರೆ ಆಮ್ಲ ತುಕ್ಕನ್ನು ಮುಟ್ಟುವುದೇ ಇಲ್ಲ. ಮೊದಲು ಹಳೆಯ ಕೋಟಿಂಗ್ ಹೋಗಬೇಕು, ಆಮೇಲೆ ತುಕ್ಕು. ಈ ಕ್ರಮ ತಪ್ಪಿದರೆ ಶ್ರಮವೆಲ್ಲ ನೀರುಪಾಲು.

ಬೆಂಕಿ ತೋರಿಸುವುದು ಬೇಡವೇ ಬೇಡ

"ಟ್ಯಾಂಕ್ ಖಾಲಿ ಇದೆ, ಏನೂ ಆಗಲ್ಲ" ಎಂಬುದು ಅತ್ಯಂತ ಅಪಾಯದ ನಂಬಿಕೆ. ಹೊತ್ತಿಕೊಳ್ಳುವುದು ದ್ರವ ಪೆಟ್ರೋಲ್ ಅಲ್ಲ, ಅದರ ಆವಿ. ಗಾಳಿಯಲ್ಲಿ ಆವಿಯ ಪ್ರಮಾಣ ಸುಮಾರು ಶೇ 1.4ರಿಂದ 7.6ರ ನಡುವೆ ಇದ್ದರೆ ಕಿಡಿ ತಾಗಿದ ಕೂಡಲೇ ಸ್ಫೋಟ. ತುಂಬಿದ ಟ್ಯಾಂಕ್‌ನ ಒಳಗೆ ಆವಿ ಇದಕ್ಕಿಂತ ದಟ್ಟವಾಗಿರುತ್ತದೆ, ಗಾಳಿ ಕಡಿಮೆ. ಖಾಲಿ ಮಾಡಿದ ಟ್ಯಾಂಕ್‌ಗೆ ಗಾಳಿ ನುಗ್ಗಿದಾಗಲೇ ಮಿಶ್ರಣ ಸ್ಫೋಟದ ಹದಕ್ಕೆ ಬರುತ್ತದೆ. ಅಂದರೆ ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕ್‌ಗಿಂತಲೂ ಅಪಾಯಕಾರಿ.

ಬಿಸಿಲಿನಲ್ಲಿ ನಾಲ್ಕು ದಿನ ಒಣಗಿಸಿದರೂ ನಂಬುವಂತಿಲ್ಲ. ತುಕ್ಕಿನ ಸಂದುಗಳಲ್ಲಿ, ಎದ್ದ ಕೋಟಿಂಗ್‌ನ ಅಡಿಯಲ್ಲಿ ಪೆಟ್ರೋಲ್ ಉಳಿದಿರುತ್ತದೆ. ಬೆಂಕಿಯ ಕಾವು ತಾಗಿದಾಗ ಅದು ಆವಿಯಾಗಿ ಹೊರಬರುತ್ತದೆ. ತೂತು ಮುಚ್ಚಲು ವೆಲ್ಡಿಂಗ್ ಮಾಡುವಾಗಲೂ ಇದೇ ಅಪಾಯ. ಟ್ಯಾಂಕ್ ಕೆಲಸದಲ್ಲಿ ಪಳಗಿದವರು ಚೆನ್ನಾಗಿ ತೊಳೆದು, ಆವಿ ಪೂರ್ತಿ ಹೊರಹಾಕಿದ ಮೇಲೆಯೇ ಅದಕ್ಕೆ ಕೈಹಚ್ಚುತ್ತಾರೆ. ಮನೆಯಲ್ಲಿ ಮಾಡುವ ಕೆಲಸ ಇದಲ್ಲ.

ಹಾಗಾದರೆ ಕೋಟಿಂಗ್ ತೆಗೆಯುವುದು ಹೇಗೆ?

ಮೊದಲು ಬಯಲಿನಲ್ಲಿ ಟ್ಯಾಂಕ್ ಬಿಚ್ಚಿ, ಪೆಟ್ರೋಲ್ ಬಸಿದು, ಕಾಕ್ ಮತ್ತು ಫ್ಲೋಟ್ ತೆಗೆದಿಡಬೇಕು. ಪಾತ್ರೆ ತೊಳೆಯುವ ಸೋಪಿನ ನೀರಿನಿಂದ ಹಲವು ಸಲ ತೊಳೆಯಬೇಕು. ಒಳಗೆ ನೋಡಲು ಎಲ್‌ಇಡಿ ಟಾರ್ಚ್ ಮಾತ್ರ, ಕಡ್ಡಿ ಗೀರುವುದು, ಲೈಟರ್ ಹಚ್ಚುವುದು ಕೂಡದು.

ಕೋಟಿಂಗ್ ಸಡಿಲಿಸಲು ಅಸಿಟೋನ್ ಅಥವಾ ಎಂಇಕೆ ಎಂಬ ದ್ರಾವಕಗಳನ್ನು ಬಳಸುತ್ತಾರೆ. ಚೆನ್ನಾಗಿ ಗಟ್ಟಿಯಾದ ಎಪಾಕ್ಸಿ ಇವುಗಳಲ್ಲಿ ಸಕ್ಕರೆಯಂತೆ ಕರಗುವುದಿಲ್ಲ. ಉಬ್ಬಿ, ಮೆತ್ತಗಾಗಿ, ಲೋಹದಿಂದ ಬಿಡುತ್ತದೆ. ಒಂದೆರಡು ಲೀಟರ್ ಹಾಕಿ, ಎಲ್ಲ ಬದಿಗೂ ತಾಗುವಂತೆ ಆಗಾಗ ಹೊರಳಿಸುತ್ತ ಒಂದೆರಡು ದಿನ ಬಿಡಬೇಕಾಗಬಹುದು. ಒಳಗೆ ಆವಿಯ ಒತ್ತಡ ಕಟ್ಟದಂತೆ ನಡುನಡುವೆ ಮುಚ್ಚಳ ನಿಧಾನವಾಗಿ ಸಡಿಲಿಸಬೇಕು. ಒಂದೇ ಸಲಕ್ಕೆ ಎಲ್ಲವೂ ಬರುವುದಿಲ್ಲ. ಬಸಿದು, ಚೂರು ತೆಗೆದು, ಮತ್ತೆ ಹಾಕಬೇಕು. ಹೊರಗಿನ ಪೇಂಟ್ ಮೇಲೆ ಒಂದು ಹನಿ ಬಿದ್ದರೂ ಪೇಂಟ್ ಏಳುತ್ತದೆ.

ಇವೆರಡೂ ಪೆಟ್ರೋಲ್‌ನಂತೆಯೇ ಸುಲಭವಾಗಿ ಹೊತ್ತಿಕೊಳ್ಳುತ್ತವೆ. ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಿದು ದೂರದ ಒಲೆಯನ್ನೋ ಸ್ವಿಚ್ಚಿನ ಕಿಡಿಯನ್ನೋ ತಲುಪಬಲ್ಲದು. ಕೆಲಸ ಬಯಲಿನಲ್ಲೇ ಆಗಬೇಕು. ದ್ರಾವಕ ಒಳಗಿರುವಾಗ ನಟ್ಟು, ಸರಪಳಿ ಹಾಕಿ ಕುಲುಕಬೇಡಿ. ಲೋಹಕ್ಕೆ ಲೋಹ ಬಡಿದರೆ ಕಿಡಿ ಹಾರಬಹುದು. ದ್ರಾವಕ ಪೂರ್ತಿ ಬಸಿದು ತೊಳೆದು, ಸೋಪಿನ ನೀರು ತುಂಬಿದ ಮೇಲೆ ಕುಲುಕಿ.

ಇನ್ನೂ ಪ್ರಬಲವಾದ ಪೇಂಟ್ ರಿಮೂವರ್‌ಗಳಲ್ಲಿ ಮಿಥಿಲೀನ್ ಕ್ಲೋರೈಡ್ ಇರುವುದುಂಟು. ಇದರ ಆವಿ ಉಸಿರಿನೊಂದಿಗೆ ಒಳಹೋದರೆ ದೇಹವೇ ಅದನ್ನು ಕಾರ್ಬನ್ ಮೊನಾಕ್ಸೈಡ್ ಆಗಿ ಬದಲಿಸುತ್ತದೆ. ಮುಚ್ಚಿದ ಕೋಣೆಗಳಲ್ಲಿ ಬಳಸಿ ಜನ ಸತ್ತಿದ್ದಾರೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2019ರಲ್ಲಿ ಇದಿರುವ ಪೇಂಟ್ ರಿಮೂವರ್‌ಗಳನ್ನು ಸಾಮಾನ್ಯ ಗ್ರಾಹಕರಿಗೆ ಮಾರುವುದನ್ನು ನಿಷೇಧಿಸಿತು. ಡಬ್ಬಿಯ ಮೇಲೆ ಈ ಹೆಸರು ಕಂಡರೆ ಆ ಕೆಲಸ ನುರಿತವರಿಗೆ ಬಿಡಿ.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಸರಿಪಡಿಸೋಣ. ಕೊರೊನಾ ಕಾಲದ ಎನ್95 ಮಾಸ್ಕ್ ಧೂಳನ್ನು ತಡೆಯುತ್ತದೆ, ರಾಸಾಯನಿಕದ ಆವಿಯನ್ನಲ್ಲ. ಮಾಮೂಲಿ ತೆಳು ಕೈಗವಸುಗಳೂ ಅಸಿಟೋನ್‌ಗೆ ತಡೆಯುವುದಿಲ್ಲ. ಅದಕ್ಕೆ ಬ್ಯೂಟೈಲ್ ರಬ್ಬರ್‌ನ ಕೈಗವಸು ಬೇಕು. ಕಣ್ಣಿಗೆ ಕನ್ನಡಕ ಕಡ್ಡಾಯ.

ತುಕ್ಕಿಗೆ ಯಾವುದು ಸರಿ?

ಹುಣಸೆಹಣ್ಣು ಹಾಕಿ ಹಿತ್ತಾಳೆ ಪಾತ್ರೆ ಬೆಳಗುವುದನ್ನು ನಾವೆಲ್ಲ ನೋಡಿದ್ದೇವೆ. ಹುಳಿಯ ಆಮ್ಲ ಲೋಹದ ಮೇಲಿನ ಆಕ್ಸೈಡ್ ಪದರವನ್ನು ಕರಗಿಸುತ್ತದೆ. ತುಕ್ಕೂ ಆಕ್ಸೈಡೇ. ಫಾರ್ವರ್ಡ್‌ಗಳಲ್ಲಿರುವ ಸತ್ಯಾಂಶ ಇಷ್ಟೇ.

ಕೋಲಾ: ಇದರಲ್ಲಿ ಫಾಸ್ಫಾರಿಕ್ ಆಮ್ಲ ಇದೆ, ನಿಜ. ಆದರೆ ಪ್ರಮಾಣ ತೀರಾ ಕಡಿಮೆ. ಮೇಲ್ಮೈಯ ತೆಳು ತುಕ್ಕಿಗೆ ಏನೋ ಆದೀತು, ದಪ್ಪ ತುಕ್ಕಿಗೆ ಸಾಲದು. ಮೇಲಾಗಿ ಸಕ್ಕರೆಯ ಅಂಟು ಒಳಗೆ ಉಳಿಯುತ್ತದೆ. ಕುಡಿಯುವುದಿದ್ದರೆ ಕುಡಿಯಿರಿ, ಟ್ಯಾಂಕ್‌ಗೆ ಬೇಡ.

ವಿನೆಗರ್: ಕೆಲಸ ಮಾಡುತ್ತದೆ, ಆದರೆ ನಿಧಾನ. ಒಂದು ದಿನ ಅಥವಾ ಅದಕ್ಕೂ ಹೆಚ್ಚು ಬೇಕು.

ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆ್ಯಸಿಡ್: ಮನೆಯಲ್ಲಿ ಮಾಡುವವರಿಗೆ ಇದು ಹೆಚ್ಚು ಅನುಕೂಲ. ಲೀಟರ್ ಬಿಸಿನೀರಿಗೆ 50ರಿಂದ 100 ಗ್ರಾಂ. 12 ಲೀಟರ್ ಟ್ಯಾಂಕ್ ತುಂಬಲು 600 ಗ್ರಾಂನಿಂದ 1.2 ಕಿಲೋ ಬೇಕಾಗುತ್ತದೆ. ಕೆಲವು ಗಂಟೆಗಳಿಗೊಮ್ಮೆ ನೋಡುತ್ತಿರಬೇಕು. ತುಕ್ಕು ಹೋದ ಮೇಲೂ ಬಿಟ್ಟರೆ ಅದು ಉಕ್ಕನ್ನೇ ತಿನ್ನಲು ತೊಡಗುತ್ತದೆ.

ಟಾಯ್ಲೆಟ್ ಆ್ಯಸಿಡ್: ಇದು ಹೈಡ್ರೋಕ್ಲೋರಿಕ್ ಆಮ್ಲ. ತುಕ್ಕನ್ನು ಬೇಗ ತಿನ್ನುತ್ತದೆ, ಉಕ್ಕನ್ನೂ ಬಿಡುವುದಿಲ್ಲ. ಉಕ್ಕಿನೊಂದಿಗೆ ಸೇರಿ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಬಿಡುತ್ತದೆ. ಒಳಗೆ ಉಳಿದ ಕ್ಲೋರೈಡ್ ಅಂಶದಿಂದ ತುಕ್ಕು ಮತ್ತೆ ಬೇಗ ಬರುತ್ತದೆ. ತೊಳೆಯುವಾಗ ಬ್ಲೀಚಿಂಗ್ ಪುಡಿಯೋ ಬ್ಲೀಚ್ ದ್ರವವೋ ಇದರೊಂದಿಗೆ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಬಚ್ಚಲಮನೆಯಲ್ಲಿ ಟ್ಯಾಂಕ್ ತೊಳೆಯಲು ಕೂತವರಿಗೆ ಇದು ನೆನಪಿರಲಿ.

ವಿದ್ಯುತ್ ವಿಧಾನ: ವಾಷಿಂಗ್ ಸೋಡಾ ನೀರು ತುಂಬಿ, 12 ವೋಲ್ಟ್ ಬ್ಯಾಟರಿ ಚಾರ್ಜರ್‌ನ ನೆಗೆಟಿವ್ ಅನ್ನು ಟ್ಯಾಂಕ್‌ಗೂ, ಪಾಸಿಟಿವ್ ಅನ್ನು ಟ್ಯಾಂಕ್‌ಗೆ ತಾಗದಂತೆ ಇಳಿಬಿಟ್ಟ ಮಾಮೂಲಿ ಕಬ್ಬಿಣದ ಸರಳಿಗೂ ಕೊಡುತ್ತಾರೆ. ಉಕ್ಕು ಸವೆಯುವುದಿಲ್ಲ ಎಂಬುದು ಇದರ ಲಾಭ. ಆದರೆ ಇಲ್ಲೂ ಹೈಡ್ರೋಜನ್ ಬರುತ್ತದೆ, ಆದ್ದರಿಂದ ಬಾಯಿ ಮುಚ್ಚಬಾರದು, ಹತ್ತಿರ ಕಿಡಿ ಇರಬಾರದು. ಸ್ಟೇನ್‌ಲೆಸ್ ಸ್ಟೀಲ್ ಸರಳು ಬಳಸಿದರೆ ಅದರ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗೆ ಸೇರುತ್ತದೆ. ಅಲ್ಯೂಮಿನಿಯಂ ಟ್ಯಾಂಕ್‌ಗೆ ಈ ವಿಧಾನ ಸಲ್ಲದು, ಸೋಡಾ ಅದನ್ನು ತಿನ್ನುತ್ತದೆ.

ಎಲ್ಲ ಮುಗಿದ ಮೇಲಿನ ಹತ್ತು ನಿಮಿಷ

ತುಕ್ಕು ತೆಗೆದ ಬೆತ್ತಲೆ ಉಕ್ಕು ಒದ್ದೆಯಾಗಿದ್ದರೆ ಕಣ್ಣೆದುರೇ ಮತ್ತೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅನೇಕರ ಎರಡು ದಿನದ ಶ್ರಮ ಹಾಳಾಗುವುದು ಇಲ್ಲೇ. ಆಮ್ಲ ಬಸಿದ ಕೂಡಲೇ ಅಡುಗೆ ಸೋಡಾ ಬೆರೆಸಿದ ನೀರಿನಿಂದ, ಆಮೇಲೆ ಬರೀ ನೀರಿನಿಂದ ತೊಳೆದು, ಗಾಳಿ ಹೊಡೆದು ಬೇಗ ಒಣಗಿಸಬೇಕು. ಹೊಸ ಕೋಟಿಂಗ್ ಹಾಕುವುದಿಲ್ಲವಾದರೆ ಸ್ವಲ್ಪ ಎಂಜಿನ್ ಆಯಿಲ್ ಹಾಕಿ ಒಳಗೆಲ್ಲ ಹೊರಳಿಸಿ, ಅಥವಾ ತಡಮಾಡದೆ ಟ್ಯಾಂಕ್ ಜೋಡಿಸಿ ಪೆಟ್ರೋಲ್ ತುಂಬಿಸಿ. ಹೊಸ ಕೋಟಿಂಗ್ ಹಾಕುವುದಾದರೆ ಆಯಿಲ್ ಬೇಡ. ಲೋಹ ಪೂರ್ತಿ ಒಣಗಿ, ಜಿಡ್ಡಿಲ್ಲದಿರಬೇಕು.

ತೂತಿಲ್ಲದ ಟ್ಯಾಂಕ್‌ಗೆ ಹೊಸ ಕೋಟಿಂಗ್ ಬೇಕೇಬೇಕು ಎಂದೇನಿಲ್ಲ. ಕೆಲವೊಮ್ಮೆ ಸ್ವಚ್ಛ ಮಾಡಿದ ಮೇಲೆಯೇ ಟ್ಯಾಂಕ್ ಸೋರತೊಡಗುತ್ತದೆ. ಆಮ್ಲ ತೂತು ಮಾಡಿತು ಎಂದು ಬೈಯುತ್ತೇವೆ. ಬಹಳ ಸಲ ತೂತು ಮೊದಲೇ ಇತ್ತು, ತುಕ್ಕೇ ಅದನ್ನು ಮುಚ್ಚಿಕೊಂಡಿತ್ತು. ತಗಡು ಅಷ್ಟು ಸವೆದಿದ್ದರೆ ಬೇರೆ ಟ್ಯಾಂಕ್ ಹುಡುಕುವುದೇ ಜಾಣತನ. ಸೋರುವ ಪೆಟ್ರೋಲ್ ಬೀಳುವುದು ಬಿಸಿ ಎಂಜಿನ್ ಮೇಲೆ. ಜೋಡಿಸುವಾಗ ಪೈಪ್‌ಗೊಂದು ಹೊಸ ಫಿಲ್ಟರ್ ಹಾಕಿಸಿ, ಕಾರ್ಬ್ಯುರೇಟರ್ ತೊಳೆಸಿ.

ಬಳಸಿದ ದ್ರಾವಕವನ್ನು ಚರಂಡಿಗೋ ಬಾವಿಯ ಬಳಿಗೋ ಸುರಿಯಬೇಡಿ. ಕ್ಯಾನ್‌ಗೆ ತುಂಬಿ ಹೆಸರು ಬರೆದು, ಹಳೆಯ ಆಯಿಲ್ ಸಂಗ್ರಹಿಸಿ ವಿಲೇವಾರಿ ಮಾಡುವ ಗ್ಯಾರೇಜ್‌ನಲ್ಲಿ ವಿಚಾರಿಸಿ. ಕುಡಿಯುವ ನೀರಿನ ಬಾಟಲಿಗಂತೂ ಎಂದಿಗೂ ತುಂಬಬೇಡಿ, ಮನೆಯಲ್ಲಿ ಮಕ್ಕಳಿರುತ್ತಾರೆ.

ಫಾರ್ವರ್ಡ್ ಮಾಡುವ ಮುನ್ನ

ಹುಳಿಯಿಂದ ತುಕ್ಕು ಹೋಗುತ್ತದೆ: ನಿಜ, ಲೋಹದ ಮೇಲೆ ಕೋಟಿಂಗ್ ಇಲ್ಲದಿದ್ದರೆ. ಟಾಯ್ಲೆಟ್ ಆ್ಯಸಿಡ್ ಒಂದು ರಾತ್ರಿ ಇಡಬಹುದು: ತಪ್ಪು. ತುಕ್ಕಿನ ಮೇಲೆಯೇ ಹೊಸ ಕೋಟಿಂಗ್ ಹಾಕಿದರೆ ಸಾಕು: ತಪ್ಪು. ಖಾಲಿ ಟ್ಯಾಂಕ್‌ಗೆ ಬೆಂಕಿ ತೋರಿಸಬಹುದು: ಅಪಾಯಕಾರಿ ಸುಳ್ಳು. ಇವುಗಳಲ್ಲಿ ಒಂದನ್ನೇ ಹಂಚಿಕೊಳ್ಳುವುದಾದರೆ ಕೊನೆಯದನ್ನು ಹಂಚಿಕೊಳ್ಳಿ. ಟ್ಯಾಂಕ್ ಹೋದರೆ ಇನ್ನೊಂದು ಸಿಗುತ್ತದೆ.